ವಾಸಣ್ಣನ ದೋಸೆಯೂ ನಾನು ಕೊಟ್ಟ ಪುಸ್ತಕಗಳೂ

ಕೆಲವರಿಗೆ ಕುಡಿತದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗಿರುವುದು ನಾನು ಓದಿದ ಪುಸ್ತಕವನ್ನು ಇನ್ನೊಬ್ಬರಿಗೆ ಓದಿಸುವ ಚಟ. ಮೊದಲಿನ ಎರಡನ್ನು ಬಿಡಿಸುವುದಕ್ಕೆ ಶಿಬಿರಗಳಿವೆ, ಹರಕೆಗಳಿವೆ, ಕಣ್ಣೀರಿಡುವ ಹೆಂಡತಿಯರಿದ್ದಾರೆ. ನನ್ನದಕ್ಕೆ ಅಂಥದ್ದೇನೂ ಇಲ್ಲ. ಬದಲಿಗೆ ಎಲ್ಲರೂ ಇದನ್ನು ದೊಡ್ಡ ಸದ್ಗುಣವೆಂದು ಹೊಗಳುತ್ತಾರೆ. ಹಾಗೆ ಹೊಗಳುವವರು ಯಾರೂ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡವರಲ್ಲ, ಅದು ಬೇರೆ ಮಾತು. ಒಂದು ಒಳ್ಳೆಯ ಪುಸ್ತಕ ಮುಗಿಸಿ ಮುಚ್ಚಿದೆನೆಂದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಯಾರಿಗಾದರೂ ಹೇಳಬೇಕು. ಹೇಳಿದರೆ ಸಾಲದು, ಅವರ ಕೈಯಲ್ಲಿಡಬೇಕು. ಇಟ್ಟರೂ ಸಾಲದು, ಎರಡು ದಿನಕ್ಕೊಮ್ಮೆ "ಎಲ್ಲಿಗೆ ಬಂತು?" ಎಂದು ಕೇಳಬೇಕು. ಮೈಸೂರಿನಲ್ಲೋ ಧಾರವಾಡದಲ್ಲೋ ಇದ್ದಿದ್ದರೆ ಈ ಚಟ ಯಾರ ಗಮನಕ್ಕೂ ಬಾರದೆ ನಡೆದುಹೋಗುತ್ತಿತ್ತೇನೋ. ನಾನಿರುವುದು ದೆಹಲಿಯ ಪಕ್ಕದ ಇಂದಿರಾಪುರಂನಲ್ಲಿ, ಹದಿನಾಲ್ಕನೆಯ ಮಹಡಿಯಲ್ಲಿ. ಇಲ್ಲಿ ಕನ್ನಡ ಓದಬಲ್ಲವರು ಸಿಗುವುದೇ ಅಪರೂಪ. ಸಿಕ್ಕವರನ್ನು ನಾನು ಸುಲಭವಾಗಿ ಬಿಡುವುದಿಲ್ಲ.

"ನಿಮಗಿರೋದು ಓದೋ ಹುಚ್ಚಲ್ಲ ರೀ, ಓದಿಸೋ ಹುಚ್ಚು" ಎನ್ನುತ್ತಾಳೆ ನನ್ನ ಹೆಂಡತಿ ವತ್ಸಲಾ. ವರ್ಷಕ್ಕೊಮ್ಮೆ ತುಮಕೂರಿಗೆ ಹೋದಾಗ ನಾನು ಸೂಟ್‌ಕೇಸಿನ ತುಂಬ ಪುಸ್ತಕ ತರುತ್ತೇನೆ. ಅವಳು ಅದೇ ಸೂಟ್‌ಕೇಸಿನಲ್ಲಿ ಸಾಂಬಾರ್ ಪುಡಿ, ಹುರಿಗಾಳು, ಮಾವಿನ ಮಿಡಿ ಉಪ್ಪಿನಕಾಯಿ ತರಬೇಕೆನ್ನುತ್ತಾಳೆ. ನಮ್ಮ ಮನೆಯಲ್ಲಿ ಈಗ ಇಂಗಿನ ವಾಸನೆಯ ಕಾದಂಬರಿಗಳಿವೆ, ಎಣ್ಣೆ ಕುಡಿದ ಕವನ ಸಂಕಲನಗಳಿವೆ. ಕಪಾಟು ತುಂಬಿದೆ. ಬಾಕ್ಸ್ ಮಂಚದ ಹೊಟ್ಟೆಯೂ ತುಂಬಿದೆ, ಅದರಲ್ಲಿ ಏನಿದೆ ಎಂಬುದನ್ನು ಆಮೇಲೆ ಹೇಳುತ್ತೇನೆ, ಈಗಲೇ ಹೇಳುವುದಕ್ಕೆ ನಾಚಿಕೆ. ಓಖ್ಲಾದ ನಮ್ಮ ಆಫೀಸಿನಲ್ಲಿ ಹುಬ್ಬಳ್ಳಿಯ ರಫೀಕ್ ಎಂಬ ಸಹೋದ್ಯೋಗಿ ಇದ್ದಾನೆ. ನಾವಿಬ್ಬರೂ ವಿದೇಶಕ್ಕೆ ಹೋಗುವ ಅಂಗಿಗಳ ಗುಂಡಿ ಎಳೆದು ನೋಡಿ ಸಹಿ ಹಾಕುವವರು. ಅವನಿಗೆ ಒಂದು ದಪ್ಪ ಕಾದಂಬರಿ ಕೊಟ್ಟು ಒಂದು ತಿಂಗಳಾದ ಮೇಲೆ ಹೇಗಿದೆ ಎಂದು ಕೇಳಿದೆ. "ಭಾಳ ಉಪಯೋಗ ಆತ್ರಿ ಸರ, ಕುತ್ತಿಗಿ ನೋವು ಪೂರಾ ಹೋತು" ಎಂದ. ಹೋಗಿ ನೋಡಿದರೆ ಪುಸ್ತಕ ಅವನ ಕಂಪ್ಯೂಟರಿನ ಪರದೆಯ ಅಡಿಯಲ್ಲಿತ್ತು. ಪರದೆ ಕಣ್ಣಿನ ಎತ್ತರಕ್ಕೆ ಸರಿಯಾಗಿ ನಿಂತಿತ್ತು. ಸಾಹಿತ್ಯ ಮನುಷ್ಯನನ್ನು ತಲೆ ಎತ್ತುವಂತೆ ಮಾಡುತ್ತದೆ ಎಂದು ನಾನೂ ಸಮಾಧಾನ ಮಾಡಿಕೊಂಡೆ.

ಇಂಥ ಬರಗಾಲದಲ್ಲಿ ನನಗೆ ಸಿಕ್ಕವರು ವಾಸಣ್ಣ. ನಮ್ಮ ಸೊಸೈಟಿಯ ಎದುರಿನ ಮಾರ್ಕೆಟ್ಟಿನಲ್ಲಿ ಅವರದೊಂದು ಹೋಟೆಲು. ಉಡುಪಿಯ ಕಡೆಯವರು, ದೆಹಲಿಗೆ ಬಂದು ಮೂವತ್ತು ವರ್ಷವಾಗಿದೆ. ಭಾನುವಾರ ಬೆಳಿಗ್ಗೆ ಅಲ್ಲಿ ಮಸಾಲೆ ದೋಸೆ ತಿನ್ನುವುದು ನಮ್ಮ ಮನೆಯ ಒಂಬತ್ತು ವರ್ಷದ ವ್ರತ. ಅದೆಂಥ ದೋಸೆ ಅನ್ನುತ್ತೀರಿ! ಅಂಚು ಗರಿಗರಿ, ನಡು ಮೆತ್ತಗೆ, ಬಣ್ಣ ಮದುವೆ ಮನೆಯ ಹೊಸ ಒಡವೆಯದು. ಆ ದೋಸೆಯ ಗುಟ್ಟು ವಾಸಣ್ಣನ ಕಿವಿಯಲ್ಲಿತ್ತು. ಗಲ್ಲಾ ಪಕ್ಕದಲ್ಲೇ ಅಡುಗೆಮನೆಯ ಕಿಟಕಿ. ಅವರು ಗಲ್ಲಾದ ಮೇಲೆ ಕೂತು, ಒಳಗೆ ತಿರುಗಿಯೂ ನೋಡದೆ, ಕಾವಲಿಗೆ ನೀರು ಚಿಮುಕಿಸಿದ 'ಚುಂಯ್' ಸದ್ದು ಕೇಳಿಯೇ ಕಾವಲಿಯ ಹದ ಹೇಳುತ್ತಿದ್ದರು. "ಸದಾನಂದಾ, ಕಾವಲಿ ಕಾಯ್ಲಿಲ್ಲ!" ಎಂದರೆ ಕಾದಿಲ್ಲ. "ಸದಾನಂದಾ, ತಿರುಗಿಸು!" ಎಂದರೆ ತಿರುಗಿಸಬೇಕು. ಒಳಗೆ ದೋಸೆ ಹೊಯ್ಯುವ ಸದಾನಂದ ಅವರ ಊರಿನವನೇ. ಅವನದು ಕೈ, ವಾಸಣ್ಣನದು ಕಿವಿ. ಎರಡೂ ಸೇರಿ ಒಂದು ದೋಸೆ.

ಒಂದು ಭಾನುವಾರ ಗಲ್ಲಾದ ಮೇಲೆ ವಾಸಣ್ಣ ಆಕಳಿಸುತ್ತಾ ಕೂತಿದ್ದರು. ನನ್ನ ಚೀಲದಲ್ಲಿ ಆಗತಾನೆ ಎರಡನೆಯ ಸಲ ಓದಿ ಮುಗಿಸಿದ ಕಾದಂಬರಿಯಿತ್ತು. ಸುಮ್ಮನಿರಲಾರದವನು ಇರುವೆ ಬಿಟ್ಟುಕೊಂಡ ಎನ್ನುತ್ತಾರಲ್ಲ, ಹಾಗೆ ಅದನ್ನು ತೆಗೆದು ಅವರ ಮುಂದಿಟ್ಟೆ.

"ಪುಸ್ತಕವಾ? ಶಾಲೆ ಬಿಟ್ಟ ಮೇಲೆ ಪಂಚಾಂಗ ಬಿಟ್ಟು ಬೇರೆ ಎಂತದೂ ಓದ್ಲಿಲ್ಲ ಮಾರಾಯ್ರೆ" ಎಂದರು.

"ಹತ್ತು ಪುಟ ಓದಿ ವಾಸಣ್ಣ. ಹಿಡಿಸದಿದ್ದರೆ ವಾಪಸ್ ಕೊಡಿ" ಎಂದೆ.

ಆ ಪುಸ್ತಕದ ಹೆಸರು ನಾನು ಹೇಳುವುದಿಲ್ಲ. ನಿಮ್ಮೂರಿನ ದೋಸೆಯ ಮೇಲೂ ನನಗೆ ಗೌರವವಿದೆ. ಇಷ್ಟು ಹೇಳಬಲ್ಲೆ: ಒಂದು ದೊಡ್ಡ ಮನೆ, ಏಳು ಜನ ಅಣ್ಣತಮ್ಮಂದಿರು, ಬಾಯಿ ಬಿಡದ ಒಬ್ಬ ಸೋದರತ್ತೆ, ಮದುವೆಯ ಮುನ್ನಾದಿನ ಕಾಣೆಯಾದ ಒಂದು ಬಂಗಾರದ ಡಾಬು.

ಮುಂದಿನ ಭಾನುವಾರ ಹೋದಾಗ ವಾಸಣ್ಣ ನಮ್ಮನ್ನು ನೋಡಲೇ ಇಲ್ಲ. ಪುಸ್ತಕದಲ್ಲಿ ಮುಳುಗಿದ್ದರು. ಬಂದ ದೋಸೆಯ ಒಂದು ಪಕ್ಕ ಬಿಳಿಚಿಕೊಂಡಿತ್ತು, ಇನ್ನೊಂದು ಪಕ್ಕ ಕಪ್ಪಾಗಿತ್ತು. ಏಳನೇ ಕ್ಲಾಸಿನ ನಮ್ಮ ಮಗಳು ಮೇಘಾ ಅದನ್ನು ಎತ್ತಿ ಹಿಡಿದು, "ಅಪ್ಪಾ, ಯೇ ದೋಸಾ ಹೈ ಯಾ ಪಾಪಡ್? ನಂಗೆ ಬೇಡ" ಎಂದಳು. ನನಗೆ ಮಾತ್ರ ಆನಂದ. ಮೂವತ್ತು ವರ್ಷ ಬಿಲ್ಲು, ಪಂಚಾಂಗ ಬಿಟ್ಟು ಬೇರೇನೂ ಓದದ ಮನುಷ್ಯ, ಇಲ್ಲದ ಊರಿನ, ಹುಟ್ಟದ ಹೆಣ್ಣುಮಗಳೊಬ್ಬಳಿಗಾಗಿ ಕಣ್ಣೊರೆಸಿಕೊಳ್ಳುವುದನ್ನು ನಾನು ಕಣ್ಣಾರೆ ಕಂಡೆ. ನಿಜ ಹೇಳುತ್ತೇನೆ, ಆಗ ನನ್ನ ಕಣ್ಣಿನಲ್ಲೂ ನೀರು ಬಂತು. ದೋಸೆಯ ಹೊಗೆ ಅದಕ್ಕೆ ಸ್ವಲ್ಪ ಕಾರಣವಿದ್ದಿರಬಹುದು.

ಅಲ್ಲಿಗೇ ನಿಂತಿದ್ದರೆ ಸರಿ. ಯಜಮಾನರು ಒಬ್ಬರೇ ನಗುವುದು, ಒಬ್ಬರೇ ಅಳುವುದು ನೋಡಿ ಸದಾನಂದನಿಗೆ ತಡೆಯಲಾಗಲಿಲ್ಲ. ಅವನ ಕೈಯಲ್ಲಿ ಸೌಟು, ಓದುವ ಹಾಗಿಲ್ಲ. ಆದ್ದರಿಂದ ವಾಸಣ್ಣ ಕಿಟಕಿಯ ಕಡೆ ತಿರುಗಿ ಅವನಿಗೆ ಗಟ್ಟಿಯಾಗಿ ಓದಿ ಹೇಳತೊಡಗಿದರು. ಕತೆ ಬಿಗಿಯಾದಾಗ ಸದಾನಂದನ ಸೌಟು ಅರ್ಧ ಸುತ್ತಿಗೇ ನಿಲ್ಲುತ್ತಿತ್ತು. ಅರ್ಧಚಂದ್ರಾಕೃತಿಯ ದೋಸೆಗಳು ಬಂದವು. ಸೋದರತ್ತೆಗೆ ಜ್ವರ ಬಂದ ಅಧ್ಯಾಯದಲ್ಲಿ ಇಡೀ ಹೋಟೆಲಿಗೆ ಹೊಗೆ ಅಡರಿತು. ಪ್ರತಿವಾರ ನಾಲ್ಕು ಬಟ್ಟಲು ಸಾಂಬಾರ್ ಕುಡಿಯುವ ಖನ್ನಾಜಿ ಎಂಬ ಹಿರಿಯರು, "ಭಯ್ಯಾ, ಸಾಂಬಾರ್!" ಎಂದು ಮೂರು ಸಲ ಕೂಗಿ ಸೋತರು. ಒಳಗೆ ಕಹಾನಿ ನಡೆಯುತ್ತಿದೆ ಎಂದು ಮಾಣಿ ಹೇಳಿದ. ಸಿಟ್ಟಾಗುತ್ತಾರೆ ಎಂದುಕೊಂಡರೆ ಅವರು ಕುರ್ಚಿ ಎಳೆದುಕೊಂಡು ಗಲ್ಲಾ ಹತ್ತಿರ ಹೋಗಿ, "ಅಚ್ಛಾ? ಫಿರ್ ಕ್ಯಾ ಹುವಾ?" ಎಂದು ಕೇಳಿದರು. ಮುಂದೇನಾಯಿತು ಎಂದು ಕೇಳಿದವರಿಗೆ ಹೇಳದೆ ಇರಲಾದೀತೇ? ವಾಸಣ್ಣ ಕನ್ನಡದಲ್ಲಿ ಒಂದು ಪುಟ ಓದುವುದು, ಅದನ್ನೇ ಹಿಂದಿಯಲ್ಲಿ ಎರಡು ಪುಟದಷ್ಟು ಹೇಳುವುದು, ಹೀಗಾಯಿತು.

ಹರಿಕಥೆ ಕೇಳಲು ಜನ ಬಂದರು ನಿಜ, ಆದರೆ ದೋಸೆ ತಿನ್ನುವವರು ಎದುರಿನ ಛೋಲೆ ಭಟೂರೆ ಅಂಗಡಿಗೆ ಹೊರಟುಹೋದರು. ಕತೆ ಮುಗಿಸಿಬಿಟ್ಟರೆ ರೋಗ ವಾಸಿಯಾದೀತು ಎಂದುಕೊಂಡು ನಾನೊಂದು ದಿನ ಗಲ್ಲಾ ಮುಂದೆ ನಿಂತು, "ವಾಸಣ್ಣ, ಆ ಡಾಬು ತೆಗೆದದ್ದು ಯಾರು ಅಂದರೆ..." ಎಂದು ಶುರುಮಾಡಿದೆ. ವಾಸಣ್ಣ ಎರಡೂ ಕಿವಿ ಮುಚ್ಚಿಕೊಂಡರು. ಕಿಟಕಿಯಿಂದ ದೋಸೆ ಮಗುಚುವ ಸಟ್ಟುಗ ಹಿಡಿದ ಸದಾನಂದನ ಕೈ ಹೊರಗೆ ಬಂತು. "ಹೇಳ್ಬೇಡಿ ಸರ್! ಹೇಳಿದ್ರೆ ಸರಿ ಇರುದಿಲ್ಲ!" ಎಂದ. ಅವನ ಹಿಂದೆ ಎರಡು ದೋಸೆ ಉರಿಯುತ್ತಿದ್ದವು.

ಕಡೆಗೂ ಕಾದಂಬರಿ ಮುಗಿಯಿತು. ವಾಸಣ್ಣ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು, ಪ್ರಸಾದ ಹಿಂದಿರುಗಿಸಿದಂತೆ ನನಗೆ ಕೊಟ್ಟು, "ನೀವು ದೇವ್ರ ಹಾಗೆ ಬಂದ್ರಿ. ಇಷ್ಟು ವರ್ಷ ನಾನು ಬರೀ ಚಟ್ನಿ ನೋಡಿ ಬದುಕಿದ್ದೆ. ಇನ್ನೊಂದು ಉಂಟಾ?" ಎಂದರು. ಅಲ್ಲಿ ನಾನು ಇಲ್ಲ ಎನ್ನಬೇಕಾಗಿತ್ತು. ಯಾರಾದರೂ 'ಇನ್ನೊಂದು ಕೊಡಿ' ಎಂದು ಬಾಯಿಬಿಟ್ಟು ಕೇಳಿದ್ದು ನನ್ನ ಜೀವಮಾನದಲ್ಲೇ ಮೊದಲು. ಎರಡನೆಯದನ್ನು ಕೊಟ್ಟೆ. ಆಮೇಲೆ ಮೂರನೆಯದನ್ನೂ ಕೊಟ್ಟೆ.

ಒಂದು ಭಾನುವಾರ ವತ್ಸಲಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ತೀರ್ಪು ಕೊಟ್ಟಳು. "ಬರೋ ವಾರದವರೆಗೆ ನೋಡ್ತೀನಿ. ಸರಿಹೋಗದಿದ್ರೆ ಇನ್ಮೇಲೆ ಭಾನುವಾರ ಛೋಲೆ ಭಟೂರೆ. ಆ ಮನುಷ್ಯನ ಹೋಟೆಲು ಮುಚ್ಚಿಹೋದರೆ ಅದರ ಪಾಪ ನಿಮಗೆ."

"ಕೊಟ್ಟ ಪುಸ್ತಕ ಕಿತ್ಕೊಳ್ಳೋಕಾಗುತ್ತಾ? ಓದೋ ರುಚಿ ಹತ್ತಿಬಿಟ್ಟಿದೆ ಅವರಿಗೆ" ಎಂದೆ.

"ಕಿತ್ಕೋಬೇಡಿ. ಎಷ್ಟು ಓದಿದ್ರೂ ಮೈಮೇಲೆ ಎಚ್ಚರ ಇರೋವಂಥದ್ದು ಒಂದು ಕೊಡಿ." ಅವಳು ಕೈ ತೊಳೆಯಲು ಎದ್ದಳು. "ಮಂಚದೊಳಗೆ ಇದೆಯಲ್ಲ, ನಿಮ್ದು."

ಈಗ ಆ ಬಾಕ್ಸ್ ಮಂಚದ ವಿಷಯ ಹೇಳಲೇಬೇಕು. ಬಹಳ ಹಿಂದೆ ನಾನೂ ಒಂದು ಪುಸ್ತಕ ಬರೆದು, ನಾನೇ ಅಚ್ಚು ಹಾಕಿಸಿದ್ದೆ. ಲಲಿತ ಪ್ರಬಂಧಗಳು. ಹೆಚ್ಚುಕಡಿಮೆ ಇಂಥವೇ. ಬಂಧುಗಳಿಗೆ ಹಂಚಿ ಉಳಿದ ಪ್ರತಿಗಳು ನಮ್ಮ ಮಂಚದ ಹೊಟ್ಟೆಯಲ್ಲಿ ರಜಾಯಿಗಳ ಕೆಳಗೆ ಮಲಗಿವೆ. ಪ್ರತಿವರ್ಷ ಚಳಿ ಶುರುವಾಗಿ ರಜಾಯಿ ತೆಗೆಯುವಾಗ ನನಗೊಮ್ಮೆ ಅವುಗಳ ದರ್ಶನವಾಗುತ್ತದೆ. ಲೋಕದ ಪುಸ್ತಕಗಳನ್ನೆಲ್ಲ ಓದಿ ಓದಿ ಎಂದು ಜನರ ಬೆನ್ನು ಹತ್ತುವ ನಾನು ಇದೊಂದನ್ನು ಮಾತ್ರ ಯಾರಿಗೂ ಓದಿ ಎಂದು ಹೇಳಿಲ್ಲ. ಸಂಕೋಚ ಎಂದು ಹೇಳಿಕೊಳ್ಳುತ್ತೇನೆ. ನಿಜವಾಗಿ ಭಯ. ಬೇರೆಯವರ ಪುಸ್ತಕ ಹಿಡಿಸಲಿಲ್ಲ ಎಂದರೆ ಅವರ ಅಭಿರುಚಿ ಕೆಟ್ಟದ್ದು ಎಂದುಕೊಂಡು ಬಿಡಬಹುದು. ನನ್ನದು ಹಿಡಿಸಲಿಲ್ಲ ಎಂದರೆ ಯಾರನ್ನು ಬಯ್ಯಲಿ?

ಹೆಂಡತಿಯ ಮಾತು ಮೂರು ದಿನ ಕುಟುಕಿತು. ನಾಲ್ಕನೆಯ ದಿನ ರಜಾಯಿ ಸರಿಸಿ ಒಂದು ಪ್ರತಿ ತೆಗೆದು, ಧೂಳು ಒರೆಸಿ, ವಾಸಣ್ಣನಿಗೆ ಕೊಟ್ಟೆ. "ಓಹೋ, ನೀವೇ ಬರೆದದ್ದಾ!" ಎಂದು ಅವರು ಕಣ್ಣಿಗೊತ್ತಿಕೊಂಡರು. ಸದಾನಂದ ಕಿಟಕಿಯಿಂದ ಇಣುಕಿ, "ಇದ್ರಲ್ಲಿ ಕಳ್ಳತನ ಉಂಟಾ ಸರ್?" ಎಂದು ಕೇಳಿದ. ಇಲ್ಲ ಎಂದೆ.

ಅಲ್ಲಿಂದ ಭಾನುವಾರದವರೆಗೆ ನನ್ನ ಪಾಡು ಬಿಸಿ ತುಪ್ಪ ಬಾಯಿಗೆ ಬಿದ್ದವನ ಪಾಡು. ದೋಸೆ ಸರಿಹೋದರೆ ಒಂಬತ್ತು ವರ್ಷದ ವ್ರತ ಉಳಿಯುತ್ತದೆ, ವಾಸಣ್ಣನ ವ್ಯಾಪಾರ ಉಳಿಯುತ್ತದೆ. ಆದರೆ ಲೇಖಕನಾಗಿ ನಾನು ಮುಗಿದೆ. ದೋಸೆ ಸೀದುಹೋದರೆ ಛೋಲೆ ಭಟೂರೆಯೇ ಗತಿ. ಆದರೆ ನನ್ನ ಪುಸ್ತಕ ಓದುತ್ತಾ ಒಬ್ಬ ಮನುಷ್ಯ ಲೋಕ ಮರೆತ ಎಂದಾಯಿತು! ಓಖ್ಲಾದಲ್ಲಿ ಗುಂಡಿ ಎಳೆದು ನೋಡುತ್ತಲೇ ದೇವರಿಗೆ ಕೈ ಮುಗಿದೆ. ಏನು ಬೇಡಿಕೊಳ್ಳಬೇಕೆಂದು ತಿಳಿಯದೆ ಸುಮ್ಮನೆ ಮುಗಿದೆ. ಶನಿವಾರ ಸಂಜೆಯ ಹೊತ್ತಿಗೆ ಮಾತ್ರ ಮನಸ್ಸು ಗಟ್ಟಿಮಾಡಿಕೊಂಡಿದ್ದೆ. ಸೀಯಲಿ. ಪೂರ್ತಿ ಸೀಯಲಿ. ಸಾಧ್ಯವಾದರೆ ಕಾವಲಿಯೂ ತೂತಾಗಲಿ.

ಭಾನುವಾರ ಹೋಟೆಲಿನ ಬಾಗಿಲಲ್ಲೇ ಕೇಳಿಸಿತು: "ಸದಾನಂದಾ, ತಿರುಗಿಸು!" ವಾಸಣ್ಣ ಗಲ್ಲಾದ ಮೇಲೆ ಹದ್ದಿನ ಹಾಗೆ ಕೂತಿದ್ದರು. ಖನ್ನಾಜಿಗೆ ಕೇಳುವ ಮೊದಲೇ ಸಾಂಬಾರ್ ಬರುತ್ತಿತ್ತು. ಕೆಟ್ಟುಹೋಗಿದ್ದ ಬಲ್ಬು ಬದಲಾಗಿತ್ತು, ಫ್ಯಾನಿನ ಧೂಳು ಹೋಗಿತ್ತು. ನಮ್ಮ ದೋಸೆ ಬಂತು. ಒಂಬತ್ತು ವರ್ಷದಲ್ಲಿ ಅಂಥ ದೋಸೆ ನಾನು ಕಂಡಿರಲಿಲ್ಲ. ಎಲ್ಲಾದರೂ ಒಂದು ಕಪ್ಪು ಕಲೆ ಇದ್ದೀತೆ ಎಂದು ಎತ್ತಿ ನೋಡಿದೆ, ಮಗುಚಿ ನೋಡಿದೆ, ಪಲ್ಯ ಸರಿಸಿ ನೋಡಿದೆ. ಎಲ್ಲೆಲ್ಲೂ ಬಂಗಾರ. ಅಷ್ಟು ರುಚಿಯಾದ ಅವಮಾನವನ್ನು ನಾನು ಹಿಂದೆಂದೂ ತಿಂದಿಲ್ಲ.

ವಾಸಣ್ಣ ತಾವೇ ಮೇಜಿನ ಹತ್ತಿರ ಬಂದರು. "ನಿಮ್ಮ ಪುಸ್ತಕ ಭಾರೀ ಒಳ್ಳೇದುಂಟು ಸರ್."

"ಹೌದಾ ವಾಸಣ್ಣ?" ಎಂದು ಕುರ್ಚಿ ಮುಂದಕ್ಕೆ ಎಳೆದುಕೊಂಡೆ.

"ಮತ್ತೆ? ಒಂದು ಪುಟ ಓದಿದ್ರೆ ಸಾಕು, ಬಾಕಿ ಬಿದ್ದ ಕೆಲಸ ಎಲ್ಲ ಒಂದೊಂದೇ ನೆನಪಾಗ್ತದೆ. ಎರಡು ತಿಂಗಳಿಂದ ಗ್ರೈಂಡರ್ ರಿಪೇರಿ ಮಾಡಿಸ್ಲಿಲ್ಲ ನಾನು. ನಿಮ್ಮ ಎರಡನೇ ಪ್ರಬಂಧಕ್ಕೆ ನೆನಪಾಯ್ತು!" ಆಮೇಲೆ ದನಿ ತಗ್ಗಿಸಿದರು. "ಸರೋಜಿನಿ ನಗರದಲ್ಲಿ ನಮ್ಮ ಭಾವನ ಹೋಟೆಲುಂಟು. ಇಡೀ ದಿನ ಮೊಬೈಲು ನೋಡ್ಕೊಂಡು ಕೂತಿರ್ತಾನೆ. ಅವನಿಗೂ ಒಂದು ಪ್ರತಿ ಬೇಕಿತ್ತು."

ತಂದುಕೊಡುತ್ತೇನೆ ಎಂದೆ. ನನ್ನ ಪುಸ್ತಕವನ್ನು ಒಬ್ಬರು ಇನ್ನೊಬ್ಬರಿಗೆ ಓದಿಸಬೇಕೆಂದಿದ್ದು ಅದೇ ಮೊದಲು. ಕಾರಣ ಏನಾದರೇನು, ಸಂತೋಷವಾಗಿದ್ದು ಸುಳ್ಳಲ್ಲ. ಆದರೂ ಮುಖ ಬಾಡಿತ್ತೆಂದು ಕಾಣುತ್ತದೆ. ವತ್ಸಲಾ ತನ್ನ ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿದಳು. ಅವಳ ದೋಸೆಯ ಅಂಚಿನಲ್ಲಿ ಹುಣಸೆ ಬೀಜದಷ್ಟು ಜಾಗ ಕಪ್ಪಗೆ ಸೀದಿತ್ತು. "ನೋಡ್ರೀ, ಇದನ್ನ ಹೊಯ್ಯೋವಾಗ ನಿಮ್ಮ ಪುಸ್ತಕದಲ್ಲಿ ಏನೋ ಚೆನ್ನಾಗಿರೋದು ಓದಿರಬೇಕು" ಎಂದಳು. ಮೂರು ದಿನ ನನ್ನನ್ನು ಕುಟುಕಿದವಳೂ ಅವಳೇ. ಆ ತುಂಡನ್ನು ಮುರಿದು ನಾನೇ ತಿಂದೆ. ಇಡೀ ದೋಸೆಗಿಂತ ಅದೇ ರುಚಿಯಾಗಿತ್ತು.

ಅಷ್ಟಕ್ಕೆ ಎದ್ದು ಬಂದಿದ್ದರೆ ಆಗುತ್ತಿತ್ತು. ಕೈ ತೊಳೆಯುವ ನೆಪದಲ್ಲಿ ಕಿಟಕಿಯ ಹತ್ತಿರ ಹೋಗಿ, ಮೇಡಂ ಅವರ ದೋಸೆ ಹೊಯ್ಯುವಾಗ ಯಾವ ಪ್ರಬಂಧ ನಡೆಯುತ್ತಿತ್ತು ಎಂದು ಸದಾನಂದನನ್ನು ಕೇಳಿದೆ. "ಅದಾ ಸರ್? ಆಗ ಊರಿಂದ ಫೋನ್ ಬಂದಿತ್ತು" ಎಂದ.

ಈ ಪ್ರಸಂಗವನ್ನು ನಾನು ಆಫೀಸಿನಲ್ಲಿ ರಫೀಕನಿಗೂ, ಊರಿನಲ್ಲಿ ಎಲ್ಲರಿಗೂ ಹೇಳಿದ್ದೇನೆ. ಅವರಿಗೆ ಹೇಳುವಾಗ ಹೆಂಡತಿಯ ದೋಸೆ ಸೀದಿತ್ತು ಎನ್ನುವಲ್ಲಿಗೇ ಮುಗಿಸಿಬಿಡುತ್ತೇನೆ. ಫೋನಿನ ವಿಷಯ ಹೇಳಿದ್ದು ನಿಮಗೆ ಮಾತ್ರ.