ಆಂಟೆನಾಕ್ಕೆ ಕಟ್ಟಿದ ಆಕಾಶಬುಟ್ಟಿ

ಯಾವ ವಸ್ತುವೂ ತನ್ನ ಕಾಲ ಮುಗಿದ ಮೇಲೆ ಕಣ್ಣಿಗೆ ಬೀಳಬಾರದು ಎಂಬುದು ನನ್ನ ನಂಬಿಕೆ. ಶಾಲೆಯಲ್ಲಿ ಪಿ.ಟಿ. ಮಾಸ್ತರನಾಗಿದ್ದವನಿಗೆ ಬೇರೆ ಏನು ನಂಬಿಕೆ ಇದ್ದೀತು? ದೀಪಾವಳಿಯ ಆಕಾಶಬುಟ್ಟಿಯನ್ನು ಕಾರ್ತಿಕದ ಗೌರಿ ಹುಣ್ಣಿಮೆಯ ಮರುದಿನ, ಚಹಾಕ್ಕೂ ಮೊದಲು ಇಳಿಸುವವನು ನಾನು. ಪಕ್ಕದ ಮನೆಯ ಸಿದ್ದಣ್ಣನದು ಸಂಕ್ರಾಂತಿಯವರೆಗೂ ತೂಗುತ್ತಿದ್ದರೆ ನನಗೆ ಊಟ ಸೇರುವುದಿಲ್ಲ. ಅವನಿಗೆ ಅದನ್ನು ಹೇಳದೆಯೂ ಬಿಟ್ಟಿಲ್ಲ.

ಇಂಥ ನಾನು ಇಳಿವಯಸ್ಸಿನಲ್ಲಿ, ಮೈಕಿನಲ್ಲಿ ದೂರದವರೊಡನೆ ಮಾತಾಡುವ ಸಿ.ಬಿ. ರೇಡಿಯೋದ ಹುಚ್ಚಿಗೆ ಬಿದ್ದೆ. ಕಾರಣ, ಬಾಲ್ಯದ ಗೆಳೆಯ ಮಲ್ಲಪ್ಪ. ಇಂಡಿ ಊರಿನಾಚೆ ನಿಂಬೆ ತೋಟದಲ್ಲೇ ಮನೆ ಮಾಡಿಕೊಂಡಿದ್ದಾನೆ. ಅಲ್ಲಿ ಮೊಬೈಲಿಗೆ ಸಿಗ್ನಲ್ ಬೇಕೆಂದರೆ ನೀರಿನ ಟಾಕಿ ಹತ್ತಬೇಕು. ಅವನ ಮೊಣಕಾಲು ಒಪ್ಪುವುದಿಲ್ಲ. ಇಬ್ಬರೂ ಒಂದೊಂದು ರೇಡಿಯೋ ತಂದೆವು. ದಿನಾ ಬೆಳಿಗ್ಗೆ ಅವನೊಡನೆ ನಾಲ್ಕು ಮಾತಾಡಬೇಕು, ನನ್ನ ಆಸೆ ಅಷ್ಟೇ.

ಮಾಳಿಗೆಯ ಮೇಲೆ ಪೈಪು ನಿಲ್ಲಿಸಿ, ತುದಿಗೆ ಅಲ್ಯೂಮಿನಿಯಂ ಕೋಲಿನ ಆಂಟೆನಾ ಕೂಡಿಸಿದೆ. ದೀಪಾವಳಿ ಹತ್ತಿರ ಬಂದಿತ್ತು. "ಇಷ್ಟೆತ್ತರ ಕಂಬ ನಿಂದ್ರಿಸೀರಿ, ಬುಟ್ಟಿನೂ ಅದಕ್ಕ ಕಟ್ರಲ್ಲ" ಎಂದಳು ಹೆಂಡತಿ ಶಾಂತಾ. ಒಂದು ಕಂಬಕ್ಕೆ ಎರಡು ಕೆಲಸ. ನನಗೆ ಬಹಳ ಹಿಡಿಸಿತು. ಬುಟ್ಟಿ ಕಟ್ಟಿ, ಬ್ಯಾಟರಿ ಬಲ್ಬಿನ ವೈರನ್ನು ಕೋಲಿನ ಗುಂಟ ನೆಟ್ಟಗೆ ಇಳಿಸಿದೆ. ಆಮೇಲೆ ಹದ ಮಾಡುವ ಕೆಲಸ. ಕೋಲಿನ ಉದ್ದ ಸರಿಯಿಲ್ಲದಿದ್ದರೆ ರೇಡಿಯೋ ಕಳಿಸಿದ ಶಕ್ತಿ ಹೊರಗೆ ಹೋಗದೆ ತಿರುಗಿ ಬರುತ್ತದೆ, ರೇಡಿಯೋಗೆ ಜೋಡಿಸಿದ ಮೀಟರಿನ ಮುಳ್ಳು ಏಳುತ್ತದೆ. ಶಾಂತಾ ಕೆಳಗೆ ಮೀಟರಿನ ಮುಂದೆ. ನಾನು ಮೇಲಿಂದ ಸೀಟಿ ಊದಿದಾಗ ಅವಳು ಮೈಕಿನ ಗುಂಡಿ ಒತ್ತಬೇಕು.

"ಮುಳ್ಳು ಇಳೀತೇನು?"

"ನಿಮ್ಮಂಗ ಐತ್ರಿ, ಜಗ್ಗವಲ್ದು!"

ಕಂಬ ಇಳಿಸಿ, ಕೋಲಿನ ತುದಿಯನ್ನು ಬೆರಳಗಲ ಕೊಯ್ದು, ಮತ್ತೆ ಏರಿಸುವುದು, ಮತ್ತೆ ಸೀಟಿ. ಸಂಜೆಗೆ ಮುಳ್ಳು ಮಲಗಿತು. ಮರುದಿನ ಮಲ್ಲಪ್ಪ ನಮ್ಮ ಪಡಸಾಲೆಯಲ್ಲೇ ಕುಳಿತಂತೆ ಕೇಳಿದ: "ಏನೋ ಮಾಸ್ತರ, ಚಾ ಆತೇನು?" ಅಂದಿನ ಚಹಾಕ್ಕೆ ಬೇರೆಯೇ ರುಚಿ.

ಗೌರಿ ಹುಣ್ಣಿಮೆ ಮುಗಿಯಿತು. ಮರುದಿನ ನಿಯಮದಂತೆ ಬುಟ್ಟಿ, ವೈರು ಇಳಿಸಿ ಅಟ್ಟಕ್ಕೆ ಸೇರಿಸಿ ರೇಡಿಯೋ ಮುಂದೆ ಕುಳಿತರೆ, ಮುಳ್ಳು ಎದ್ದು ನಿಂತಿದೆ! ಎಷ್ಟು ಕೂಗಿದರೂ ಮಲ್ಲಪ್ಪನಿಗೆ ಕೇಳಿಸದು. ಮಧ್ಯಾಹ್ನ ಬಸ್ ಹಿಡಿದು ಅವನೇ ಬಂದ. "ಇದ್ದೀಯೋ ಹ್ವಾದಿಯೋ ಅಂತ ನೋಡಾಕ ಬಂದೇನಿ."

"ಬುಟ್ಟಿ ಇದ್ದಾಗ ಛಲೋ ಇತ್ತಲ್ರಿ" ಎಂದಳು ಶಾಂತಾ. ಆಗ ಹೊಳೆಯಿತು: ನಾನು ಹದ ಮಾಡಿದ್ದು ಬುಟ್ಟಿ, ವೈರು ಸಮೇತ ಆಂಟೆನಾವನ್ನು. ಆ ವೈರಿನ ಲೆಕ್ಕಕ್ಕೆ ಕೊಯ್ದ ಕೋಲು ಈಗ ಗಿಡ್ಡ, ಕೊಯ್ದದ್ದು ಬೆಳೆಯುತ್ತದೆಯೇ? ಹೊಸದು ತರಿಸೋಣವೆಂದರೆ ಮಲ್ಲಪ್ಪ ಕೇಳಿದ: "ಅಲ್ಲೀತನಾ ಯಾರ ಕೂಡ ಮಾತಾಡ್ಲೋ?" ಬುಟ್ಟಿ ಮತ್ತೆ ಏರಿತು. ಮುಳ್ಳು ಮಲಗಿತು.

ಈಗ ಯುಗಾದಿಯೂ ಆಯಿತು. "ಮಾಸ್ತರ, ನಿಮ್ಮ ದೀಪಾವಳಿ ಇನ್ನೂ ಮುಗದಿಲ್ಲೇನ್ರಿ?" ಎಂದು ಸಿದ್ದಣ್ಣ ದಿನಾ ವಿಚಾರಿಸುತ್ತಾನೆ. ಹೊಸ ಕೋಲು ಬಂದು ಬಹಳ ದಿನವಾಯಿತು. ಅಟ್ಟದಲ್ಲಿ, ಬುಟ್ಟಿಯ ಜಾಗದಲ್ಲಿ, ಒರೆಸಿ ಅಚ್ಚುಕಟ್ಟಾಗಿ ಇಟ್ಟಿದ್ದೇನೆ. ಮಲಗಿದ ಮುಳ್ಳನ್ನು ಎಬ್ಬಿಸುವವರು ಯಾರು?