ಒಲೆ ಹಾಕುವ ಅತ್ತೆ

ನಮ್ಮ ಅತ್ತೆಯ ಮನೆಯಲ್ಲಿ ಎಲ್ಲರಿಗೂ ಜಾಗವಿತ್ತು, ಅತ್ತೆಯೊಬ್ಬಳನ್ನು ಬಿಟ್ಟು! ಸುಳ್ಳು ಎನ್ನುವವರು ಅಕ್ಕಿಹೆಬ್ಬಾಳಿನ ಹಳಬರನ್ನು ಕೇಳಿ ನೋಡಬಹುದು. ನಡುವೆ ತೊಟ್ಟಿ, ಸುತ್ತ ಕೋಣೆಗಳು, ಹಿಂದೆ ಕೊಟ್ಟಿಗೆ. ಅಷ್ಟು ದೊಡ್ಡ ಮನೆಯ ಯಜಮಾನಿ, ನಮ್ಮಪ್ಪನ ಅಕ್ಕ, ಮಕ್ಕಳಿಲ್ಲದ ವಿಧವೆ, ಮಲಗುತ್ತಿದ್ದದ್ದು ಹಜಾರದ ರಾಗಿ ಪೆಟ್ಟಿಗೆಯ ಮೇಲೆ. ಯಾರಿಗಾದರೂ ರಾಗಿ ಬೇಕಾದರೆ ಮೊದಲು ಅತ್ತೆಯನ್ನು ಎಬ್ಬಿಸಿ, ಚಾಪೆ ಸುತ್ತಿಟ್ಟು, ಆಮೇಲೆ ಮುಚ್ಚಳ ತೆಗೆಯಬೇಕು.

ಇದೆಲ್ಲ ಶುರುವಾದದ್ದು ಪೀರ್‌ಸಾಬಿಯಿಂದ. ಪಾತ್ರೆಗಳಿಗೆ ಕಲಾಯಿ ಹಾಕುವವನು. ಪಾಂಡವಪುರದಲ್ಲಿ ಬಾಡಿಗೆ ಮನೆ ಬಿಡಿಸಿದ್ದರಿಂದ ತುಂಬು ಗರ್ಭಿಣಿ ಹೆಂಡತಿ ಜೈನಬಿಯನ್ನೂ ಎರಡು ಮಕ್ಕಳನ್ನೂ ಕಟ್ಟಿಕೊಂಡು ರೈಲು ಹತ್ತಿ, ನಮ್ಮೂರ ಸ್ಟೇಷನ್ನಿನಲ್ಲಿ ಇಳಿದು, ಅಲ್ಲೇ ಬೆಂಚಿನ ಮೇಲೆ ಸಂಸಾರ ಹೂಡಿದ್ದ. ಅದನ್ನು ಕಂಡ ಅತ್ತೆ ಅವನ ಹೆಸರು ಕೇಳಲಿಲ್ಲ, ಜಾತಿ ಕೇಳಲಿಲ್ಲ. "ಒಂದೊತ್ತಿಗೆ ಎಷ್ಟು ಮುದ್ದೆ ಬೇಕು?" ಎಂದಷ್ಟೇ ಕೇಳಿದಳು. ಐದು ಎಂದ. ಅತ್ತೆ ಸೀದಾ ಹೊಳೆದಂಡೆಗೆ ಹೋಗಿ ಐದು ಮುದ್ದೆಯ ಒಲೆಗೆ ಬೇಕಾದಷ್ಟು ಮಣ್ಣು ತಂದಳು. ಹಸುಗಳು ಹಿತ್ತಲ ಚಪ್ಪರಕ್ಕೆ ಹೋದವು, ಪೀರ್‌ಸಾಬಿ ಕೊಟ್ಟಿಗೆಗೆ ಬಂದ.

ಮಣ್ಣು ತುಳಿಯುತ್ತಿದ್ದ ಅತ್ತೆಯನ್ನು ಕಂಡು ಜೈನಬಿ ನಾಚಿಕೊಂಡಳಂತೆ.

"ಯಾಕಮ್ಮಾ ತಕಲೀಫು? ನಿಮ್ದು ಒಲೆ ಖಾಲಿ ಆದ್ಮೇಲೆ ನಾವು ಮಾಡ್ಕೊತೀವಿ."

"ಇನ್ನೊಬ್ರ ಒಲೆ ಯಾವಾಗ ಖಾಲಿಯಾಯ್ತದೆ ಅಂತ ಕಾಯೋದು ಹೆಂಗಸ್ರ ಬಾಳಲ್ಲ ಕಣವ್ವ," ಎಂದಳಂತೆ ಅತ್ತೆ. "ಒಲೆ ಇದ್ರೆ ಮನೆ. ಇಲ್ದಿದ್ರೆ ಬರೀ ನೆಳ್ಳು."

ಮುಂದಿನ ವರ್ಷ ಹೇಮಾವತಿ ಉಕ್ಕಿ ಹೊಳೆದಂಡೆಯ ಕೆಂಪಮ್ಮನ ಮನೆಯ ಗೋಡೆಗಳನ್ನು ಕರಗಿಸಿತು. ಗಂಡ ಮಕ್ಕಳೊಡನೆ ಅವಳು ಬಡಗಣ ಕೋಣೆಗೆ ಬಂದಳು. ಅಲ್ಲೊಂದು ಏಳು ಮುದ್ದೆಯ ಒಲೆ. ಆಮೇಲೆ ಕಬ್ಬು ಕಡಿಯಲು ಬಂದು, ಕಡಿತ ಮುಗಿದ ಮೇಲೆ ಹೋಗಲು ಊರೇ ಇಲ್ಲದ ನಿಂಗ ಮತ್ತು ಅವನ ಹೆಂಡತಿ ಸಿದ್ದಿ. ಅವರಿಗೆ ಎಲ್ಲಿಯೂ ಜಾಗ ಉಳಿದಿರಲಿಲ್ಲ. ಅತ್ತೆ ಏನು ಮಾಡಿದಳು ಗೊತ್ತೆ? ತನ್ನ ಅಡುಗೆಮನೆಯನ್ನೇ ಕೊಟ್ಟುಬಿಟ್ಟಳು!

ಬರೀ ಸೂರು ಕೊಟ್ಟು ಸುಮ್ಮನಿರುವ ಜನ್ಮವೂ ಅದಲ್ಲ. ಬೂಕನಕೆರೆ ಸಂತೆಗೆ ತಾನೇ ಹೋಗಿ, "ನಿಮ್ಮ ತಪ್ಪಲೆ ನೋಡಿದ್ರೆ ವಾಕರಿಕೆ ಬತ್ತದೆ" ಎಂದು ಹೆಂಗಸರನ್ನು ಬೈದು ಪೀರ್‌ಸಾಬಿಗೆ ಗಿರಾಕಿ ಹಿಡಿದುಕೊಟ್ಟಳು. ಬೈಸಿಕೊಂಡು ಪಾತ್ರೆ ಕೊಡುವ ಗಿರಾಕಿಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಮಕ್ಕಳನ್ನು ಸ್ಕೂಲಿಗೆ ಸೇರಿಸಿಕೊಳ್ಳಲು ಹಿಂದೆಮುಂದೆ ನೋಡಿದ ಹೆಡ್‌ಮಾಸ್ಟರ ಜಗಲಿಯ ಮೇಲೆ ಆ ಮಕ್ಕಳ ಸಮೇತ ಕೂತುಬಿಟ್ಟಳು. ಮಧ್ಯಾಹ್ನದ ಊಟದ ಹೊತ್ತಿಗೆ ಅವರ ಹೆಂಡತಿಯೇ ಒಳಗಿನಿಂದ, "ಸೇರಿಸ್ಕೊಳ್ಳಿ ಅಂದ್ರೆ!" ಎಂದು ಕೂಗಿದರು.

ನಮ್ಮಪ್ಪನಿಗೆ ಮಾತ್ರ ಇದು ಹಿಡಿಸುತ್ತಿರಲಿಲ್ಲ. ನಾಗಮಂಗಲದಿಂದ ಎರಡು ಬಸ್ಸು ಬದಲಾಯಿಸಿ ತಂಗಲು ಹೋದರೆ, ಒಡಹುಟ್ಟಿದ ತಮ್ಮನಿಗೆ ಸಿಗುತ್ತಿದ್ದದ್ದು ಅಂಗಳದ ಎತ್ತಿನಗಾಡಿ.

"ಇದೇನಕ್ಕ, ಮನೇನೋ ಛತ್ರಾನೋ?"

"ಛತ್ರದಲ್ಲಿ ಮೂರು ದಿನಕ್ಕೆ ಎಬ್ಬಿಸ್ಬುಡ್ತಾರೆ ಕಣ್ಲಾ. ಇದು ಮನೆ. ಕಾಲು ಮಡಿಸ್ಕೊಂಡು ಮಲಗು, ಗಾಡಿ ಸಾಕಾಯ್ತದೆ."

ನಾನು ಸ್ಕೂಲಿನಲ್ಲಿ ಮೇಡಮ್ ಆಗಿ ಕೆಲಸಕ್ಕೆ ಸೇರಿದ ಹೊಸತು. ಮನೆಯಿಲ್ಲದವರಿಗೆ ಸರ್ಕಾರ ನಿವೇಶನ ಕೊಡುತ್ತದೆ, ಪಟ್ಟಿ ಬರೆಯಲು ಗುಮಾಸ್ತರು ಬರುತ್ತಾರೆ ಎಂದು ಸುದ್ದಿಯಾಯಿತು. ಅಪ್ಪನೂ ನಾನೂ ಅಂದು ಅಲ್ಲಿದ್ದೆವು. ಅತ್ತೆ ಬೆಳಿಗ್ಗೆಯೇ ಸ್ಟೇಷನ್ನಿಗೆ ಓಡಿದಳು. ಗುಮಾಸ್ತರು ಬೇರೆ ಬೀದಿಗೆ ತಪ್ಪಿಸಿಕೊಂಡರೆ?

ಎಡವಟ್ಟಾದದ್ದು ಆಗಲೇ. ದೊಡ್ಡ ಮನುಷ್ಯರು ಬರುವಾಗ ಮೂರು ಕಡೆಯಿಂದ ಹೊಗೆ ಎಬ್ಬಿಸುವುದು ಮರ್ಯಾದೆಯೇ? ಹೆಂಗಸರು ಮಾತಾಡಿಕೊಂಡರು. ಕೊಟ್ಟಿಗೆಯ ಒಲೆ, ಬಡಗಣ ಒಲೆ ಎರಡನ್ನೂ ಕೆಮ್ಮಣ್ಣಿನಲ್ಲಿ ಸಾರಿಸಿ, ರಂಗೋಲಿ ಎಳೆದು, ಪಾತ್ರೆಗಳನ್ನು ಬೋರಲು ಹಾಕಿದರು. ಎಲ್ಲರೂ ಸಿದ್ದಿಯ ಅಡುಗೆಮನೆ ಸೇರಿದರು. ಜೈನಬಿ ಮಸಾಲೆ ಅರೆದಳು, ಕೆಂಪಮ್ಮ ಮುದ್ದೆ ಕಟ್ಟಿದಳು, ಸಿದ್ದಿ ಕೋಳಿ ಸಾರು ಕುದಿಸಿದಳು. ಅತ್ತೆ ಕರೆತಂದ ಗುಮಾಸ್ತರು ಹೊಟ್ಟೆ ಬಿರಿಯುವಂತೆ ಉಂಡು, ತೇಗಿ, ಮನೆಯೆಲ್ಲ ಸುತ್ತಿ ಬಂದು ಪುಸ್ತಕ ಬಿಚ್ಚಿದರು.

"ಒಂದು ಒಲೆಗೆ ಒಂದು ಸಂಸಾರ, ಅದು ರೂಲ್ಸು. ಇಲ್ಲಿ ಉರೀತಿರೋದು ಒಂದೇ ಒಲೆ. ಯಜಮಾನಿ ಈ ಅಮ್ಮ. ಸ್ವಂತ ಮನೆ ಇದೆ. ನಿವೇಶನ ಬೇಕಿಲ್ಲ."

ಕೆಂಪಮ್ಮನ ಕೈಯಲ್ಲಿದ್ದ ಸೌಟು ನೆಲಕ್ಕೆ ಬಿತ್ತು. ಮರ್ಯಾದೆ ಮಾಡಲು ಹೋಗಿ ಮೂರು ಸಂಸಾರದ ಮನೆಯಾಸೆಗೆ ತಾವೇ ತಣ್ಣೀರೆರಚಿದ್ದರು! ಗುಮಾಸ್ತರು ರೈಲಿನ ಹೊತ್ತಾಯಿತೆಂದು ಎದ್ದರು. ಆ ಪುಸ್ತಕ ಹೋದರೆ ಮತ್ತೆ ಯಾವ ಕಾಲಕ್ಕೋ ಯಾರಿಗೆ ಗೊತ್ತು?

ಅತ್ತೆ ಬಾಗಿಲಿಗೆ ಅಡ್ಡ ನಿಂತಳು. "ನಮ್ಮ ಹೆಣ್ಮಕ್ಳು ಒಲೆ ಆರಕ್ಕೆ ಬುಡಾಕಿಲ್ಲ ಕಣಪ್ಪ, ಬೂದಿ ಮುಚ್ಚಿಟ್ಟಿರ್ತಾರೆ. ಕೈ ಆಕಿ ನೋಡು."

ಗುಮಾಸ್ತರು ನಗುತ್ತಲೇ ಕೊಟ್ಟಿಗೆಯ ಒಲೆಗೆ ಬೆರಳು ತೂರಿಸಿದರು. "ಅಯ್ಯಪ್ಪಾ!" ಎಂದು ಎರಡಡಿ ಹಾರಿದರು. ಬಡಗಣ ಒಲೆಯನ್ನು ಕಡ್ಡಿಯಿಂದ ಕೆದಕಿದರು. ಅಲ್ಲೂ ಕೆಂಡ ಕಣ್ಣು ಬಿಟ್ಟಿತು. ಸುಟ್ಟ ಬೆರಳಿಗೆ ಜೈನಬಿ ಬೆಣ್ಣೆ ಸವರಿದಳು. ಗುಮಾಸ್ತರು ಉಳಿದ ಬೆರಳುಗಳಲ್ಲೇ ಪೆನ್ನು ಹಿಡಿದು ಮೂರು ಹೆಸರು ಬರೆದರು.

"ಸರಿ, ನಿಮ್ಮ ಒಲೆ ಯಾವುದಮ್ಮಾ?"

ಅತ್ತೆ ಯಾವುದನ್ನು ತೋರಿಸಬೇಕು? ಅವಳಿಗೆ ಒಲೆಯೇ ಇರಲಿಲ್ಲ! ದಿನಕ್ಕೊಂದು ಒಲೆಯ ಮುದ್ದೆ ಉಂಡು ರಾಗಿ ಪೆಟ್ಟಿಗೆ ಹತ್ತುತ್ತಿದ್ದಳು.

"ಅಮ್ಮ ನಮ್ದು ಒಲೆಯವರು, ಬರ್ಕೊಳಿ ಸಾಬ್," ಎಂದಳು ಜೈನಬಿ.

"ಅದ್ಯಾಕೆ? ನಮ್ಮೊಲೇಗೆ ಬರ್ಕೊಳ್ಳಿ ಸ್ವಾಮಿ!" ಕೆಂಪಮ್ಮ ಸೆರಗು ಸಿಕ್ಕಿಸಿ ಜಗಳಕ್ಕೇ ನಿಂತಳು.

ಗುಮಾಸ್ತರು ನನ್ನ ಕಡೆ ತಿರುಗಿ, "ಮೇಡಮ್ನೋರೇ, ಇದಕ್ಕೆ ಕಾಲಮ್ಮೇ ಇಲ್ಲವಲ್ಲ!" ಎಂದು ಗೋಳಾಡಿದರು. ನಾನು ನಕ್ಕೆ. ಅಪ್ಪ ನಗಲಿಲ್ಲ.

ವರ್ಷ ಕಳೆಯುವುದರೊಳಗೆ ಊರಾಚೆ ಮೂರು ಹೆಂಚಿನ ಮನೆ ಎದ್ದವು. ಮೂರಕ್ಕೂ ಅತ್ತೆಯೇ ಹೋಗಿ ಒಲೆ ಹಾಕಿದಳು. ಆಮೇಲೆ ನಾವು ಹೋದಾಗ ಮಲಗಲು ಬೇಕಾದಷ್ಟು ಜಾಗ, ಅಪ್ಪ ಯಾವ ಕೋಣೆಗೆ ಬೇಕಾದರೂ ಹೋಗಬಹುದಿತ್ತು. ಆದರೆ ಅಡುಗೆಮನೆಯಲ್ಲಿ ಒಲೆಯಿದ್ದ ಜಾಗ ಬರಿದಾಗಿತ್ತು. ಕೈಗೆ ಪಳಗಿದ ಒಲೆಯೆಂದು ಸಿದ್ದಿ ಬಿಟ್ಟಿರಲಾರದೆ ನೋಡುತ್ತಿದ್ದಳಂತೆ. ಅತ್ತೆ ಅದನ್ನು ಬುಡಸಮೇತ ಎಬ್ಬಿಸಿ ಗಾಡಿಯಲ್ಲಿ ಕಳಿಸಿ, ಸಿದ್ದಿಯ ಹೊಸ ಮನೆಯಲ್ಲಿ ಅದನ್ನೇ ಕೂರಿಸಿದ್ದಳು.

ಅಪ್ಪ ಬಹಳ ಹೊತ್ತು ಆ ಬರಿದು ಜಾಗ ನೋಡಿದರು. ಆಮೇಲೆ ಪಂಚೆ ಎತ್ತಿಕಟ್ಟಿ ಹೊಳೆಗೆ ಹೋಗಿ ಮಣ್ಣು ಹೊತ್ತು ತಂದರು. ಜನ್ಮದಲ್ಲಿ ಅಡುಗೆಮನೆಗೆ ಕಾಲಿಡದ ಅಪ್ಪ!

"ಏನ್ಲಾ ಇದು?"

ಅಪ್ಪ ಮಣ್ಣು ತುಳಿಯುತ್ತಲೇ ಇದ್ದರು. ತಲೆಯೆತ್ತಲಿಲ್ಲ.

"ಭಾವ ತೀರ್ಕೊಂಡಾಗ ಎರಡು ವರ್ಷ ನಮ್ಮನೇಲಿದ್ದೆಯಲ್ಲಕ್ಕ. ದಿನಾ ನಮ್ಮಡಿಗೆಯೆಲ್ಲ ಮುಗ್ದು ಒಲೆ ಖಾಲಿಯಾಗ್ಲಿ ಅಂತ ಬಾಗಿಲತಾವ ಕಾಯ್ತಾ ಕೂತಿರ್ತಿದ್ದೆ. ನಾನು ನೋಡ್ತಿದ್ದೆ. ನೋಡಿಯೂ ಸುಮ್ಕಿದ್ದೆ."

ಅತ್ತೆ ಚೆಂಬಿನಲ್ಲಿ ನೀರು ತಂದಳು. ತಮ್ಮನ ಪಕ್ಕ ಕೂತು, ಒಣಗುವ ಮಣ್ಣಿಗೆ ನೀರು ಚಿಮುಕಿಸುತ್ತ ಹೋದಳು. ನನಗೆ ಅಳು ಬಂದು ಹಿತ್ತಲಿಗೆ ಎದ್ದುಹೋದೆ.

ಅಪ್ಪ ಹಾಕಿದ ಒಲೆ ಎಡಕ್ಕೆ ವಾಲಿತ್ತು, ಬಾಯಿ ಸೊಟ್ಟ, ಹೊಗೆಯೆಲ್ಲ ಬೇಯಿಸುವವರ ಮುಖಕ್ಕೇ. ಊರಿಗೆಲ್ಲ ಒಲೆ ಹಾಕಿಕೊಟ್ಟ ಅತ್ತೆಗೆ ಅದನ್ನು ಕೆಡವಿ ಸರಿ ಮಾಡುವುದು ಅರ್ಧ ಗಂಟೆಯ ಕೆಲಸ. ಅವಳು ಮಾಡಲಿಲ್ಲ. ಬದುಕಿರುವ ತನಕ ಕೆಮ್ಮುತ್ತಾ ಕೆಮ್ಮುತ್ತಾ ಅದರಲ್ಲೇ ಮುದ್ದೆ ಬೇಯಿಸಿದಳು.