ನ್ಯಾಶ್ ಅಂದರೆ ನಾಶ ಅಲ್ಲವಂತೆ

ಮನುಷ್ಯನಿಗೆ ಒಂದು ಹೆಸರು ಸಾಕು ಎಂದು ನಂಬಿದವಳು ನಾನು. ಕರೆದರೆ ತಿರುಗಿ ನೋಡಬೇಕು, ಅಷ್ಟೇ ಅದರ ಕೆಲಸ. ತುಮಕೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಮೆಸ್ಸು ನಡೆಸುತ್ತಿದ್ದಾಗ ಉಣ್ಣಲು ಬರುವ ಒಬ್ಬರ ಹೆಸರೂ ನನಗೆ ಗೊತ್ತಿರಲಿಲ್ಲ. ‘ಎರಡು ಮುದ್ದೆ’ ಬಂದರು, ‘ಸಾರು ಜಾಸ್ತಿ’ ಎದ್ದು ಹೋದರು, ‘ಮೂಳೆ ಬೇಡ’ ಇವತ್ತು ಯಾಕೋ ಕಾಣಲಿಲ್ಲ, ಹೀಗೇ ನಡೆಯುತ್ತಿತ್ತು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ, ಯಾರ ಎಲೆಯೂ ಅದಲುಬದಲಾಗಲಿಲ್ಲ. ಅಂಥವಳು ಮಗಳ ಬಾಣಂತನಕ್ಕೆಂದು ಅಮೆರಿಕದ ಕರ್ಕ್‌ಲ್ಯಾಂಡಿಗೆ ಬಂದು, ಒಂದು ಇಂಗ್ಲಿಷ್ ಮನೆತನದ ಹೆಸರಿನ ಮೇಲೆ ಜಗಳಕ್ಕೆ ನಿಂತೆ ಎಂದರೆ ತಪ್ಪು ನನ್ನದಲ್ಲ, ಆ ಹೆಸರಿನದು.

ಮೊದಲು ನನ್ನ ಹೆಸರಿನ ಗತಿ ಹೇಳಿಬಿಡುತ್ತೇನೆ. ಊರಿನ ಕಾಗದಪತ್ರಗಳಲ್ಲೆಲ್ಲ ನಾನು ‘ರಂಗಮ್ಮ ಕೋಂ ತಿಮ್ಮಯ್ಯ’. ಅಂದರೆ ತಿಮ್ಮಯ್ಯನ ಹೆಂಡತಿ ರಂಗಮ್ಮ. ಗಂಡಸರಿಗೆ ಬಿನ್, ಹೆಂಗಸರಿಗೆ ಕೋಂ. ನಮ್ಮ ಕಡೆ ಎಮ್ಮೆ ಕಾಯುವವನಿಗೂ ಗೊತ್ತಿರುವ ಸಂಗತಿ. ಪಾಸ್‌ಪೋರ್ಟಿನ ಏಜೆಂಟನಿಗೆ ಗೊತ್ತಿರಲಿಲ್ಲ. ಸರ್‌ನೇಮ್ ಎಂಬ ಜಾಗ ಖಾಲಿ ಬಿಡಬಾರದು ಎಂದು ‘ಕೋಂ’ ಎಂಬುದನ್ನು ತೆಗೆದು ಅಲ್ಲಿ ಕೂರಿಸಿದ. ಹಾಗಾಗಿ ಇಲ್ಲಿನ ಹಲ್ಲಿನ ಡಾಕ್ಟರ ಹತ್ತಿರ ಹೋದರೆ ನಾನು ಮಿಸೆಸ್ ಕೋಂ. ಯಾರ ಹೆಂಡತಿ ಎಂಬುದು ಉದುರಿಹೋಗಿ, ಹೆಂಡತಿ ಎಂಬುದು ಮಾತ್ರ ಉಳಿದಿದೆ. ನಮ್ಮ ಬೀಗರು ಇದರ ಮೂಲ ಹುಡುಕಿ, ಮಣಿಪುರದ ಕಡೆ ಕೋಂ ಎಂಬ ಜನ ಇದ್ದಾರೆ, ನಿಮ್ಮ ಪೂರ್ವಿಕರು ಆ ಬೆಟ್ಟ ಇಳಿದು ಬಂದವರಿರಬೇಕು ಎಂದರು. ನಾನು ಗುಬ್ಬಿ ಬಸ್ಸು ಇಳಿದು ಬಂದವಳು ಎಂದೆ.

ಬೀಗರೆಂದರೆ ಅಳಿಯ ಪೀಟರನ ಅಪ್ಪ, ವಾಲ್ಟರ್ ನ್ಯಾಶ್. ಎವರೆಟ್‌ನಲ್ಲಿ ವಿಮಾನ ಜೋಡಿಸುವ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಡುವಾಲ್‌ನಲ್ಲಿ ಕೋಳಿ ಸಾಕಿಕೊಂಡಿದ್ದಾರೆ. ಭಾನುವಾರ ಭಾನುವಾರ ಮೊಟ್ಟೆ ಹಿಡಿದು ಕಾರಿನಲ್ಲಿ ಬರುತ್ತಾರೆ. ನನ್ನ ಮಗಳು ಸುಮ ಮಾವನನ್ನು ಎದುರಿಗೇ ‘ವಾಲ್ಟರ್’ ಎಂದು ಕರೆಯುತ್ತಾಳೆ, ಅವರು ಅದಕ್ಕೆ ನಗುತ್ತಾರೆ, ಇರಲಿ. ಬೀಗರದು ಒಳ್ಳೆಯ ಕೈ, ಒಳ್ಳೆಯ ಹೊಟ್ಟೆ, ನನ್ನ ಬಸ್ಸಾರನ್ನು ಸೂಪಿನ ಹಾಗೆ ಕುಡಿಯುತ್ತಾರೆ. ರೋಗ ಒಂದೇ, ವಂಶ. ಕುಡಿದು ಮುಗಿಸಿದ ಮೇಲೆ ನ್ಯಾಶ್ ಎಂಬ ಹೆಸರು ಎಲ್ಲಿಂದ ಬಂತು ಎಂದು ಶುರುಮಾಡಿದರೆ ಕಾರು ಹತ್ತುವ ತನಕ ನಿಲ್ಲಿಸುವುದಿಲ್ಲ.

ಹಳೆಯ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಆಶ್ ಮರದ ಹತ್ತಿರ ಮನೆ ಇದ್ದವನನ್ನು ‘ಆಟನ್ ಆಶ್’ ಎನ್ನುತ್ತಿದ್ದರಂತೆ. ಅಂದರೆ ಆಶ್ ಮರದ ಹತ್ತಿರದವನು. ಬಾಯಿಂದ ಬಾಯಿಗೆ ಬರುತ್ತಾ ಮುಂದಿನ ಭಾಗ ಸವೆದು, ಅದರ ಬಾಲದ ‘ನ್’ ಮಾತ್ರ ಮರಕ್ಕೆ ಅಂಟಿಕೊಂಡು ನ್ಯಾಶ್ ಆಯಿತು. ಆಶ್ ಎಂದರೆ ಬೂದಿ ಎಂದು ನನಗೆ ಗೊತ್ತಿತ್ತು. “ಬೂದಿ ಗುಡ್ಡೆ ಪಕ್ಕದಲ್ಲಿ ಯಾಕಮ್ಮ ಮನೆ ಕಟ್ಟಿದ್ರು?” ಎಂದು ಸುಮಳನ್ನು ಕೇಳಿದೆ. “ಬೂದಿ ಅಲ್ಲಮ್ಮ, ಅದೇ ಹೆಸರಿನ ಮರ. ಬೇರೆ ಸ್ಪೀಸೀಸು” ಎಂದಳು. ಹಾಗಾದರೆ ಸರಿ. ನಮ್ಮೂರಿನಲ್ಲೂ ಹುಣಸೇಮರದ ನಿಂಗಕ್ಕ ಇದ್ದಳು. ಅವಳ ಹುಣಸೇಮರವನ್ನು ಯಾರೂ ಇಷ್ಟು ದೂರ ಹೊತ್ತುಕೊಂಡು ಬರಲಿಲ್ಲ, ಅಷ್ಟೇ ವ್ಯತ್ಯಾಸ.

ಇಷ್ಟರ ತನಕ ನನ್ನದೇನೂ ತಕರಾರಿರಲಿಲ್ಲ. ಹುಟ್ಟುವುದು ಗಂಡು ಎಂದು ಇಲ್ಲಿ ಮೊದಲೇ ಹೇಳಿಬಿಡುತ್ತಾರೆ. ಒಂದು ಸಂಜೆ ಸುಮ ಸೋಫಾದ ಮೇಲೆ ಕಾಲು ಚಾಚಿ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, “ಅಮ್ಮ, ಹೆಸರು ಫಿಕ್ಸ್ ಮಾಡಿದೀವಿ. ವಂಶಿ. ಪೀಟರ್ ಸ್ಕೂಲಲ್ಲಿ ಫ್ಲೂಟ್ ನುಡಿಸ್ತಿದ್ನಲ್ಲ, ಅದಕ್ಕೆ. ಇಲ್ಲಿಯವ್ರ ಬಾಯಲ್ಲೂ ಸಲೀಸಾಗಿ ಬರುತ್ತೆ” ಎಂದಳು. ಒಳ್ಳೆಯ ಹೆಸರು, ಕೃಷ್ಣನ ಹೆಸರು ಎಂದುಕೊಂಡೆ. ಆಮೇಲೆ ಬಾಯಿಬಿಟ್ಟು ಪೂರ್ತಿ ಹೇಳಿ ನೋಡಿದೆ. ವಂಶಿ ನ್ಯಾಶ್. ಇನ್ನೊಂದು ಸಲ ಬೇಗ ಹೇಳಿದೆ. ನಮ್ಮ ಕಡೆ ಹೆಂಗಸರು ಬೀದಿಯಲ್ಲಿ ನಿಂತು ಹಿಡಿ ಮಣ್ಣು ತೂರಿ ಹಾಕುವ ಶಾಪ ಅದು.

“ಥೂ, ವಂಶನಾಶ ಅಂತಲೇನೇ ಮಗೂಗೆ ಹೆಸರಿಡೋದು?”

“ನಾಶ ಅಲ್ಲಮ್ಮ, ನ್ಯಾಶ್. ಮರ.”

“ಮರ ನಿನಗೆ ಗೊತ್ತು. ನಮ್ಮ ನೆಂಟರಿಗೆ ಯಾರು ಹೇಳ್ತಾರೆ?”

“ನೆಂಟ್ರೇನು ಇಲ್ಲಿ ಬಂದು ಅಟೆಂಡೆನ್ಸ್ ಕೂಗ್ತಾರಾ? ವಂಶಿ ಅನ್ನೋದನ್ನ ನಾನು ಚೇಂಜ್ ಮಾಡಲ್ಲ.”

“ಹಂಗಾದ್ರೆ ಬಾಲ ಕತ್ತರಿಸು.”

ಬಾಲ ಕತ್ತರಿಸಿದರೆ ವಾಲ್ಟರ್ ಸತ್ತೇ ಹೋಗುತ್ತಾರೆ ಎಂದಳು. ಬೀಗರಿಗೆ ಪೀಟರ್ ಒಬ್ಬನೇ ಮಗ. ಹೆಸರು ಮುಂದುವರಿಯಬೇಕಾದರೆ ಈ ಹೊಟ್ಟೆಯಿಂದಲೇ. ನಾನೂ ಬಿಡಲಿಲ್ಲ. ದಿನಾ ಕಾಫಿಯ ಜೊತೆ ಒಂದೊಂದು ಸಲ ‘ವಂಶನಾಶ’ ಎಂದು ಸುಮ್ಮನೆ ಹೇಳಿ ಒಳಗೆ ಹೋಗುತ್ತಿದ್ದೆ. ಮಗಳ ಮುಖ ಹುಳ್ಳಗಾಗುವುದು ಕಾಣುತ್ತಿತ್ತು. ಇನ್ನೊಂದು ವಾರ ಹೀಗೇ ಅರೆದಿದ್ದರೆ ಗೆದ್ದುಬಿಡುತ್ತಿದ್ದೆ.

ಅಷ್ಟರಲ್ಲಿ ಬೀಗರ ಉಗುಳಿನ ಉತ್ತರ ಬಂತು. ಉಗುಳಿನ ಕತೆ ಹೇಳಬೇಕು. ಇಲ್ಲಿ ಒಂದು ಕೊಳವೆ ತರಿಸಿ ಅದರೊಳಗೆ ಉಗಿದು ಅಂಚೆಗೆ ಹಾಕಿದರೆ, ನಿಮ್ಮ ಮುತ್ತಾತ ಎಲ್ಲಿಯವನು ಎಂದು ತಿಳಿಸುತ್ತಾರೆ. ತುಮಕೂರಿನಲ್ಲಿ ಗೋಡೆ ಗೋಡೆಗೆ ಉಗಿದವರ ಮುತ್ತಾತಂದಿರೆಲ್ಲ ಸುಮ್ಮನೆ ಪೋಲಾದರಲ್ಲ ಎನಿಸಿತು. ಗಂಡಸಿನ ಮೈಯಲ್ಲಿ ಒಂದು ಎಳೆ ಅಪ್ಪನಿಂದ ಮಗನಿಗೆ, ಆ ಮಗನಿಂದ ಅವನ ಮಗನಿಗೆ ಹಾಗೇ ಇಳಿಯುತ್ತದಂತೆ. ಹೆಂಗಸರಿಗೆ ಅದಿಲ್ಲವಂತೆ. ಮನೆತನದ ಹೆಸರೂ ಅದೇ ದಾರಿಯಲ್ಲಿ ಇಳಿಯುವುದರಿಂದ, ಒಂದೇ ಮೂಲದ ನ್ಯಾಶ್‌ಗಳಿಗೆಲ್ಲ ಒಂದೇ ಎಳೆ ಇರಬೇಕು ಎಂಬುದು ಲೆಕ್ಕ. ಈ ಲೆಕ್ಕ ಹಾಕಿದವನು ಖಂಡಿತ ಗಂಡಸು. ಇಂಗ್ಲೆಂಡಿನ ಯಾವ ಹಳ್ಳಿಯ ನ್ಯಾಶ್‌ಗಳಿಂದ ತಾವು ಬಂದವರೆಂದು ಬೀಗರು ಆಗಲೇ ತೀರ್ಮಾನಿಸಿ ಆಗಿತ್ತು. ಆ ಹಳ್ಳಿಯವರೂ ಉಗಿದು ಕಳಿಸಿದ್ದರು. ಹೋಲಿಸಿ ನೋಡುವುದೊಂದೇ ಬಾಕಿ.

ಆ ಭಾನುವಾರ ಬೀಗರು ಮೊಟ್ಟೆ ತರುವುದನ್ನು ಮರೆತು ಬಂದರು. ಬಸ್ಸಾರು ಬೇಡ ಎಂದರು. ಅವರು ಮೆಲ್ಲಗೆ ಹೇಳುತ್ತಾ ಹೋದದ್ದನ್ನು ಸುಮ ನನಗೆ ಕನ್ನಡದಲ್ಲಿ ಹೇಳಿದಳು. ಎಳೆ ಆ ಹಳ್ಳಿಯ ನ್ಯಾಶ್‌ಗಳಿಗೆ ಕೂಡಲಿಲ್ಲ, ಬೇರೆ ಯಾವ ಹಳ್ಳಿಯ ನ್ಯಾಶ್‌ಗೂ ಕೂಡಲಿಲ್ಲ. ಕೂಡಿದ್ದು ಟರ್ನರ್ ಎಂಬ ಒಂದು ಹಿಂಡು ಜನಕ್ಕೆ.

“ಯಾರೇ ಈ ಟರ್ನರು? ಪಕ್ಕದ ಮನೆಯವನಂತಾ?” ಎಂದೆ.

“ಅಮ್ಮ, ಇದನ್ನ ನಾನು ಟ್ರಾನ್ಸ್‌ಲೇಟ್ ಮಾಡಲ್ಲ” ಎಂದಳು ಸುಮ.

ಮಾಡಬೇಕಾಗಿರಲಿಲ್ಲ, ನನ್ನ ಮುಖ ನೋಡಿಯೇ ಬೀಗರಿಗೆ ಅರ್ಥವಾಯಿತು. ಅಂಥದ್ದಲ್ಲ ಎಂದು ವಿವರಿಸಿದರು. ಅವರ ತಾತ ಕೂಸಾಗಿದ್ದಾಗಲೇ ಅಪ್ಪನನ್ನು ಕಳೆದುಕೊಂಡಿದ್ದನಂತೆ. ತಾಯಿ ಆಮೇಲೆ ನ್ಯಾಶ್ ಎಂಬ ಬಡಗಿಯನ್ನು ಮದುವೆಯಾದಳಂತೆ. ಮದುವೆ ಎರಡನೆಯದು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಮಗು ಮೊದಲನೆಯವನದು ಎಂದು ಮಾತ್ರ ಯಾರೂ ಬಾಯಿಬಿಟ್ಟಿರಲಿಲ್ಲ. ಇಷ್ಟು ಹೇಳಿ ಬೀಗರು ಪೀಟರನ ಕಡೆ ತಿರುಗಿ, ಮಗುವಿಗೆ ನ್ಯಾಶ್ ಎಂದು ಇಡಬೇಡಿ, ಅದು ನಮ್ಮದಲ್ಲ, ಎರವಲು ತಂದದ್ದು ಎಂದರು.

ನಾನು ಗೆದ್ದಿದ್ದೆ. ಬಾಲ ತಾನಾಗಿಯೇ ಕತ್ತರಿಸಿ ನನ್ನ ಕೈಗೆ ಬಂದಿತ್ತು. ಸುಮ್ಮನೆ ಎದ್ದು ಒಳಗೆ ಹೋಗಿ ಕಾಫಿ ಬಿಸಿ ಮಾಡಿದ್ದರೆ ಮುಗಿದುಹೋಗುತ್ತಿತ್ತು. ಆದರೆ ತಪ್ಪು ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ, ಅದು ನನಗೆ ಅನುಕೂಲದ ತಪ್ಪೇ ಆಗಿದ್ದರೂ.

“ಬೀಗರೇ, ಇಲ್ಲಿ ಕೇಳಿ” ಎಂದೆ. “ಸುಮ, ಇದನ್ನ ಒಂದಕ್ಷರ ಬಿಡದೆ ಹೇಳು. ನಮ್ಮ ಕಡೆ ಕೂಡಾವಳಿ ಅಂತ ಐತೆ. ಗಂಡ ಸತ್ತೋಳಿಗೆ ಇನ್ನೊಬ್ಬ ಸೀರೆ ಕೊಟ್ಟು ಕರ್ಕೊಂಡ್ ಹೋಗ್ತಾನೆ. ನಮ್ಮವ್ವ ಹಂಗೆ ಬಂದೋಳು, ಕಂಕುಳಲ್ಲಿ ನಮ್ಮಣ್ಣನ್ನ ಎತ್ಕೊಂಡು. ನಮ್ಮಪ್ಪ ಅವನ್ನ ಹೊಡೆದ, ಬೈದ, ಮುದ್ದೆ ಇಕ್ಕಿದ, ಹೆಣ್ಣು ತಂದು ಮದುವೆ ಮಾಡ್ದ. ಅಣ್ಣನ ಹೆಸರಿನ ಮುಂದೆ ಬಿನ್ ಅಂತ ಬರೆಸಿದ್ದು ನಮ್ಮಪ್ಪನ ಹೆಸರನ್ನೇ. ಯಾರೂ ಅವನ ಉಗುಳು ಕೇಳಲಿಲ್ಲ. ನಿಮ್ಮ ಬಡಗಿ ಆ ಮಗೂಗೆ ಅನ್ನ ಇಕ್ಕಿದ್ನೋ ಇಲ್ವೋ?”

ಇಕ್ಕಿದ್ದನಂತೆ. ಕೆಲಸವನ್ನೂ ಕಲಿಸಿದ್ದನಂತೆ.

“ಮತ್ತಿನ್ನೇನು? ಟರ್ನರು ಬೀಜ ಕೊಟ್ಟ. ನ್ಯಾಶು ಗಂಜಿ ಕೊಟ್ಟ. ಗಂಜಿ ದಿನಾ ಬೇಕು. ಹೆಸರು ಬಿಡಬೇಡಿ.”

ಸುಮ ಬೀಜದ ಮಾತನ್ನು ಹೇಗೆ ಹೇಳಿದಳೋ ಗೊತ್ತಿಲ್ಲ, ಬೀಗರು ಬಹಳ ಹೊತ್ತು ತಲೆ ಆಡಿಸಿದರು. ಆಮೇಲೆ ಬಸ್ಸಾರು ಉಳಿದಿದೆಯೇ ಎಂದು ಕೇಳಿದರು. ಅವರು ಹೋದ ಮೇಲೆ ಮಗಳು ಸೊಂಟದ ಮೇಲೆ ಕೈ ಇಟ್ಟು ನಿಂತಳು. “ಸೂಪರ್, ಅಮ್ಮ. ಒಂದು ತಿಂಗಳು ನನ್ನ ಪ್ರಾಣ ತಿಂದು, ಕೊನೇಗೆ ನೀನೇ ಅವರ ಲಾಯರ್ ಆದೆ. ಸರಿ, ವಂಶಿ ಬಿಟ್ಟೆ. ನ್ಯಾಶ್‌ಗೆ ಹೊಂದೋ ಹೆಸರು ಈಗ ನೀನೇ ಹುಡುಕು.”

ಹುಡುಕಿದೆ. ಈ ಬಾಲದ ಮುಂದೆ ಏನಿಟ್ಟರೂ ಅದು ಹಾಳಾಗುತ್ತದೆ. ವಿಜಯ ಹೋಯಿತು, ಆನಂದ ಹೋಯಿತು, ಧನುಷ್ ಎಂದರೆ ಅರ್ಧಕ್ಕೆ ಧನ ಹೋಯಿತು. ನಾಶವಾದರೆ ಒಳ್ಳೆಯದೇ ಆಗುವಂಥದ್ದು ಯಾವುದು ಎಂದು ತಿರುಗಿಸಿ ಯೋಚಿಸಿದೆ. ದರಿದ್ರ, ಸಕ್ಕರೆ ಕಾಯಿಲೆ, ತಿಗಣೆ. ಎಳೆ ಕಂದನನ್ನು ತಿಗಣೆ ಎಂದು ಕರೆಯಲಾಗುತ್ತದೆಯೇ? ಮನೆ ಹತ್ತಿರದ ಸರೋವರದ ದಡದಲ್ಲಿ ನಡೆಯುತ್ತಾ ಯೋಚಿಸಿದೆ, ಪಾತ್ರೆ ತೊಳೆಯುತ್ತಾ ಯೋಚಿಸಿದೆ. ಅಷ್ಟರಲ್ಲಿ ಮಗಳಿಗೆ ನೋವು ಬಂತು.

ಮಗು ಕೆಂಪಗೆ, ಬೇಯಿಸಿದ ಗೆಣಸಿನ ಹಾಗಿತ್ತು. ನರ್ಸಮ್ಮ ಹೆಸರು ಬರೆದುಕೊಳ್ಳಲು ಬಂದು ನಿಂತಳು. ಯಾರ ಹತ್ತಿರವೂ ಹೆಸರಿರಲಿಲ್ಲ. ನಾನು ತೊಟ್ಟಿಲ ಮೇಲೆ ಬಗ್ಗಿ, ಯಾವ ಕೂಸನ್ನು ಕಂಡರೂ ನಾವು ಕರೆಯುವ ಹಾಗೆ, “ಪಾಪಾ, ಏ ಪಾಪಾ, ಕಣ್ಣು ಬಿಡೋ” ಎಂದೆ. ಹಾಗೆಂದವಳೇ ನೆಟ್ಟಗೆ ನಿಂತೆ. ಪಾಪ ನಾಶವಾದರೆ ಯಾರು ಬೇಡ ಎನ್ನುತ್ತಾರೆ? ಪುಣ್ಯವಲ್ಲವೇ ಅದು? ನಡುವೆ ಪಾಪ ಎಂದು ಸೇರಿಸಿಬಿಟ್ಟರೆ ಮುಂದೆ ಏನಿದ್ದರೂ ಭಯವಿಲ್ಲ. ನಾಶವಾಗುವುದು ಪಾಪ ಮಾತ್ರ, ವಂಶಕ್ಕೆ ತಗಲುವುದಿಲ್ಲ. “ವಂಶಿ ಪಾಪ ನ್ಯಾಶ್” ಎಂದು ಗಟ್ಟಿಯಾಗಿ ಹೇಳಿದೆ. ಸುಮ ನೋವಿನಲ್ಲೂ ನಕ್ಕು, ಬರೆದುಕೊಳ್ಳಿ ಎಂದು ನರ್ಸಮ್ಮನಿಗೆ ಸನ್ನೆ ಮಾಡಿದಳು.

ಬಾಗಿಲ ಹತ್ತಿರ ಬೀಗರು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಮುಖವೆಲ್ಲ ಒದ್ದೆ. ಬಂದು ನನ್ನ ಎರಡೂ ಕೈ ಹಿಡಿದುಕೊಂಡು ಏನೇನೋ ಹೇಳಿದರು. ಸುಮ ಮೆಲ್ಲಗೆ ಹೇಳಿದಳು: ಆ ಬಡಗಿಯ ಮನೆಗೆ ತಾಯಿಯ ಜೊತೆ ಬಂದ ತಾತ ಇದ್ದನಲ್ಲ, ಅವನನ್ನು ಇವರು ಚಿಕ್ಕಂದಿನಿಂದ ಕರೆಯುತ್ತಿದ್ದದ್ದು ‘ಪಾಪಾ’ ಎಂದೇ. ಆ ಹೆಸರು ಯಾರಿಗೂ ಹೇಳಿರಲಿಲ್ಲ, ನಿಮಗೆ ಹೇಗೆ ತಿಳಿಯಿತು ಎಂದು ಕೇಳುತ್ತಿದ್ದಾರೆ.

ನನಗೆ ತಿಳಿದಿರಲಿಲ್ಲ, ಅದು ತಿಗಣೆ ಹುಡುಕುತ್ತಾ ಸಿಕ್ಕಿದ್ದು ಎಂದು ಹೇಳಲು ಬಾಯಿ ತೆಗೆದೆ. ಬೀಗರ ಮುಖ ನೋಡಿದೆ. ಬಾಯಿ ಮುಚ್ಚಿದೆ. ಸುಮ ಮಲಗಿದ್ದಲ್ಲಿಂದಲೇ ಕೈ ಚಾಚಿ, ಜ್ವರ ಬಂದಿದೆಯೋ ಎಂದು ನನ್ನ ಹಣೆ ಮುಟ್ಟಿ ನೋಡಿದಳು.